ರೊಟ್ಟಿಯ ಮೇಲಿಟ್ಟ ಕುಪ್ಪಸದ ಕಣ

ನನ್ನ ಮೊಮ್ಮಗಳು ಏನೂ ತಪ್ಪು ಮಾಡಲಿಲ್ಲ. ತಪ್ಪು ಆಗುತ್ತಿದೆ ಎಂದು ನನಗೆ ಗೊತ್ತಿತ್ತು, ನಾನು ಬಾಯಿ ಮುಚ್ಚಿಕೊಂಡು ನಿಂತೆ. ನಡೆದದ್ದು ಇಷ್ಟೇ. ಕಾಲೇಜು ಕಲಿತ ಹುಡುಗಿಗೆ ರೀತಿ ರಿವಾಜು ತಿಳಿಯದು, ಅದಕ್ಕೇ ಹಾಗಾಯಿತು ಎನ್ನುವವರು ನಮ್ಮ ಓಣಿಯಲ್ಲಿ ಇವತ್ತಿಗೂ ಇದ್ದಾರೆ. ಅದು ಸುಳ್ಳು. ರೀತಿ ರಿವಾಜು ಚೆನ್ನಾಗಿ ತಿಳಿದವಳೇ ಮಾಡಿದ ಕೆಲಸ ಅದು.

ನಾನು ಹುಬ್ಬಳ್ಳಿಯಲ್ಲಿ ಕಡಕ್ ರೊಟ್ಟಿ ಮಾಡಿ ಮಾರುವವಳು. ನನ್ನ ಗಂಡ ಅಮರಗೋಳದ ಮಾರುಕಟ್ಟೆಯಲ್ಲಿ ಕಾಳು ತೂಗುವ ಕೆಲಸದಲ್ಲಿದ್ದ. ಅವನು ತೀರಿಕೊಂಡ ಮೇಲೆ ಹಿತ್ತಲಲ್ಲಿ ಒಲೆ ಹೂಡಿ ರೊಟ್ಟಿ ಬಡಿಯಲು ಶುರು ಮಾಡಿದೆ. ಬೇರೆ ಏನೂ ಬರುತ್ತಿರಲಿಲ್ಲ. ಸಾಲಿ ಕಲಿತದ್ದು ಮೂರನೆಯ ಇಯತ್ತೆಯವರೆಗೆ, ಅದೂ ಪೂರ್ತಿ ಅಲ್ಲ. ಮೊದಲು ಅಕ್ಕಪಕ್ಕದ ಮನೆಗಳಿಗೆ ಕೊಟ್ಟೆ, ಆಮೇಲೆ ಖಾನಾವಳಿಗಳಿಗೆ, ಆಮೇಲೆ ಮದುವೆ ಮನೆಗಳಿಗೆ. ಈಗ ನನ್ನ ಜೊತೆ ಮೂವರು ಹೆಂಗಸರು ಕೆಲಸ ಮಾಡುತ್ತಾರೆ. ಅವರಲ್ಲಿ ಹಿರಿಯಳು ಗದಗಿನವಳು. ಅವಳನ್ನು ಎಲ್ಲರೂ ಗದಗಿನಾಕೆ ಎಂದೇ ಕರೆಯುತ್ತಾರೆ. ನಾಲಿಗೆ ಸ್ವಲ್ಪ ಉದ್ದ, ಕೈ ಅದಕ್ಕಿಂತ ಚುರುಕು.

ನನಗೆ ಈ ಕೆಲಸದ ಮೇಲೆ ಅಭಿಮಾನ ಇರಲಿಲ್ಲ. ಹೊಟ್ಟೆ ತುಂಬಿಸಿತು, ಮಗನನ್ನು ಓದಿಸಿತು, ಅಷ್ಟು ಖರೆ. ಆದರೆ ಮದುವೆಯ ಕಲ್ಯಾಣ ಮಂಟಪಕ್ಕೆ ಡಬ್ಬಿ ಹೊತ್ತುಕೊಂಡು ಹೋದರೆ ಬಾಗಿಲಲ್ಲಿ ನಿಂತವರು, "ರೊಟ್ಟಿಯಾಕಿ ಬಂದ್ಲು, ಹಿಂದಿನ ಬಾಗಿಲಕ ಹೋಗಂತ ಹೇಳ್ರಿ" ಎನ್ನುತ್ತಿದ್ದರು. ನನಗೆ ಹೇಳುತ್ತಿರಲಿಲ್ಲ, ನನಗೆ ಹೇಳು ಎಂದು ಇನ್ನೊಬ್ಬರಿಗೆ ಹೇಳುತ್ತಿದ್ದರು. ಬೀಗರು ಕೇಳಿದಾಗ ನಾನು, "ಮನ್ಯಾಗ ಖಾಲಿ ಕುಂತು ಏನ ಮಾಡೂದ್ರಿ, ಹೊತ್ತ ಹೋಗಬೇಕಲ್ಲ, ಅದಕ್ಕ ನಾಕ ರೊಟ್ಟಿ ಬಡೀತೇನಿ" ಎನ್ನುತ್ತಿದ್ದೆ. ಹೊತ್ತು ಹೋಗಲಿ ಎಂದು ಯಾರೂ ಬೇಸಿಗೆಯಲ್ಲಿ ಒಲೆಯ ಮುಂದೆ ಕೂರುವುದಿಲ್ಲ.

ನನ್ನ ಮಗ ಧಾರವಾಡದ ಹತ್ತಿರ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಫ್ಯಾಕ್ಟರಿಯಲ್ಲಿದ್ದಾನೆ. ಪಾಳಿಯ ಕೆಲಸ. ಮನೆ ಧಾರವಾಡದಲ್ಲಿ. ಅವನ ಮಗಳಿಗೆ ವಿದ್ಯಾನಗರದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿ ಬಂದು ಮಾಡುವುದಕ್ಕಿಂತ ನಿನ್ನ ಹತ್ತಿರ ಇರಲಿ ಎಂದು ನನ್ನ ಮನೆಯಲ್ಲಿ ಬಿಟ್ಟ. ಹುಡುಗಿ ನನ್ನನ್ನು ಆಯಿ ಎನ್ನುತ್ತಾಳೆ. ಮಾತು ಕಡಿಮೆ, ಪ್ರಶ್ನೆ ಬಹಳ.

ಅವರ ಕಾಲೇಜಿನಲ್ಲಿ ಮೊದಲ ವರ್ಷ ಎಲ್ಲ ವಿಷಯವನ್ನೂ ಸ್ವಲ್ಪ ಸ್ವಲ್ಪ ರುಚಿ ನೋಡಬೇಕಂತೆ. ಎರಡನೆಯ ವರ್ಷಕ್ಕೆ ಒಂದನ್ನು ಗಟ್ಟಿಯಾಗಿ ಹಿಡಿಯಬೇಕಂತೆ. ಹಿಡಿದದ್ದಕ್ಕೆ ಮೇಜರ್ ಅನ್ನುತ್ತಾರೆ. ಹೋದ ಬೇಸಿಗೆಯಲ್ಲಿ ಪರೀಕ್ಷೆ ಮುಗಿಸಿ ಬಂದವಳೇ ಹೇಳಿದಳು:

"ಆಯಿ, ಬಿಸಿನೆಸ್ ತಗೋಲ್ಯೋ ಕನ್ನಡ ತಗೋಲ್ಯೋ ತಿಳೀವಲ್ದು. ಸೂಟಿ ಮುಗಿಯೂದ್ರಾಗ ಹೇಳಬೇಕು."

"ಇದರಾಗ ತಿಳೀಲಾರದ್ದು ಏನೈತಿ? ಕನ್ನಡ ತಗೋ. ಮುಂದ ಬಿ.ಎಡ್. ಮಾಡು. ಸಾಲ್ಯಾಗ ಟೀಚರ್ ಆಗು. ಮ್ಯಾಲೆ ಫ್ಯಾನ್ ತಿರಗತೈತಿ, ಕೆಳಗ ಖುರ್ಚಿ ಇರತೈತಿ, ಮುಂದ ಹುಡುಗೂರು ಕೈಮುಗೀತಾವು. ಇನ್ನೇನ ಬೇಕು?"

"ಬಿಸಿನೆಸ್ ತಗೊಂಡ್ರ ಏನಾಕ್ಕೈತಿ?"

"ಬಿಸಿನೆಸ್ ಓದೂದು ಬ್ಯಾರೆ ಐತೇನು? ನಾ ಮಾಡಾಕತ್ತಿಲ್ಲೇನು, ಯಾವ ಕಾಲೇಜಿಗೆ ಹೋಗಿದ್ದೆ? ಅದು ಬ್ಯಾರೆ ದಾರಿ ಇಲ್ದೋರು ಮಾಡೂದು."

ಅವಳು ಪುಸ್ತಕದ ಚೀಲ ಗೂಟಕ್ಕೆ ಹಾಕಿದಳು. "ಹಂಗಾದ್ರ ಈ ಸೂಟ್ಯಾಗ ನಿನ್ನ ಕೂಡ ಕೆಲಸ ಮಾಡ್ತೇನಿ. ಮನಸಿಗೆ ಬಂದ್ರ ಬಿಸಿನೆಸ್, ಬರಲಿಲ್ಲಂದ್ರ ಕನ್ನಡ. ಆತಿಲ್ಲೋ?"

ಆಯಿತು ಎಂದೆ. ಏಪ್ರಿಲ್ ತಿಂಗಳ ಬಿಸಿಲು, ಒಳಗೆ ಹಂಚಿನ ಕಾವು, ಎರಡು ದಿನದಲ್ಲಿ ಓಡಿ ಹೋಗುತ್ತಾಳೆ ಎಂದುಕೊಂಡೆ. ಓಡಲಿ ಎಂದೇ ಅವಳನ್ನು ಗಾಳಿ ಬಾರದ ಮೂಲೆಯ ಒಲೆಗೆ ಕೂಡಿಸಿದೆ.

ಓಡಲಿಲ್ಲ. ಜೋಳದ ಹಿಟ್ಟಿಗೆ ಬಿಸಿ ನೀರು ಹಾಕಿ ನಾದುವುದು, ಬಡಿಯುವುದು, ಹಂಚಿಗೆ ಹಾಕಿ ಮೇಲೆ ಒದ್ದೆ ಅರಿವೆ ಎಳೆಯುವುದು, ಒಲೆಯ ಕಟ್ಟೆಗೆ ಆನಿಸಿ ಒಣಗಿಸುವುದು, ಎಲ್ಲ ಕಲಿತಳು. ಮೊದಮೊದಲು ಅವಳ ರೊಟ್ಟಿ ನೋಡಿ ಗದಗಿನಾಕೆ, "ಯವ್ವಾ, ಇದು ರೊಟ್ಟಿ ಅಲ್ಲ, ಭೂಪಟ ಆತು. ಇದರಾಗ ನಮ್ಮ ಗದಗ ಎಲ್ಲೈತಿ ತೋರ್ಸು" ಎಂದಳು. ಹುಡುಗಿ ರೊಟ್ಟಿಯ ಒಂದು ಮೂಲೆ ಮುರಿದು ಅವಳ ಬಾಯಿಗೆ ಹಿಡಿದು, "ಇಲ್ಲೈತಿ ನೋಡು, ನಿಮ್ಮೂರ ನೀನ ತಿನ್ನು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ನನಗಿನ್ನೂ ನಗು ಬರುತ್ತಿತ್ತು.

ಕೈ ಪಳಗಿದ ಮೇಲೆ ಅವಳು ತಲೆ ಓಡಿಸಲು ಶುರು ಮಾಡಿದಳು. ಕಡಕ್ ರೊಟ್ಟಿ ದಾರಿಯಲ್ಲಿ ಒಡೆಯುತ್ತದೆ. ಒಡೆದದ್ದನ್ನು ಗಿರಾಕಿ ಹಿಂದೆ ಕೊಡುತ್ತಾರೆ, ನಾನು ಬೈದುಕೊಂಡು ಬದಲಿ ಕೊಡುತ್ತಿದ್ದೆ. ಅಷ್ಟು ವರ್ಷ ಹೀಗೇ ನಡೆದಿತ್ತು. ಇವಳು ಡಬ್ಬಿಯ ತಳಕ್ಕೆ ಹಳೆಯ ಹತ್ತಿ ಸೀರೆ ಮಡಿಚಿ ಹಾಕಿದಳು, ರೊಟ್ಟಿಯನ್ನು ಮಲಗಿಸದೆ ನಿಲ್ಲಿಸಿ ತುಂಬಿದಳು. ಒಡೆಯುವುದು ನಿಂತಿತು. ನನಗೆ ಹೊಳೆಯದ ಮಾತು. ಫೋನಿನಲ್ಲಿ ಆರ್ಡರ್ ಹಿಡಿದಳು. ಒಲೆ ಹಚ್ಚುವ ಹೊತ್ತು ಬದಲಿಸಿದಳು, ಮಧ್ಯಾಹ್ನದ ಉರಿಯಲ್ಲಿ ಹೆಂಗಸರು ಬೇಯುವುದು ತಪ್ಪಿತು. ಅವರು ಅವಳನ್ನು ಸಣ್ಣ ಸಾಹುಕಾರ್ತಿ ಎಂದು ಕರೆಯತೊಡಗಿದರು. ಚೇಷ್ಟೆಗೇ ಶುರುವಾದದ್ದು, ಆಮೇಲೆ ಅದೇ ಹೆಸರಾಯಿತು.

ಒಂದು ದಿನ ನನ್ನ ಹಳೆಯ ಗಿರಾಕಿ, ಮದುವೆ ಅಡುಗೆಯವನು, ಬಾಗಿಲಿಗೆ ಬಂದ. ನಾನು ಏನು ಬೇಕು ಎಂದೆ. ಅವನು ನನ್ನ ಭುಜದ ಮೇಲಿಂದ ಒಳಗೆ ಇಣುಕಿ, "ಸಣ್ಣವರು ಇಲ್ಲೇನ್ರಿ? ಅವರ ಕೂಡ ಮಾತಾಡ್ತೇನ್ರಿ, ಅವರಿಗೆ ಲಗೂ ತಿಳೀತೈತಿ" ಎಂದ.

ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಮೊಮ್ಮಗಳ ಮುಂದಿನ ಬಾಳಿನ ಚಿಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಇತ್ತು. ಹಿಂದಿನ ಬಾಗಿಲಿಗೆ ಹೋಗು ಅನ್ನಿಸಿಕೊಳ್ಳುವ ಬದುಕು ಅವಳಿಗೆ ಬೇಡ ಎಂದು ನಿಜವಾಗಿಯೂ ಇತ್ತು. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಕೂತಿತ್ತು. ನಾನು ನಾಚಿಕೊಂಡು ಮಾಡುತ್ತಿದ್ದ ಕೆಲಸವನ್ನು ಇವಳು ತಲೆ ಎತ್ತಿ ಮಾಡುತ್ತಿದ್ದಳು, ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ಅದನ್ನು ನೋಡುವುದು ನನಗೆ ಆಗಲಿಲ್ಲ.

ಇನ್ನು ಆ ಕುಪ್ಪಸದ ಕಣದ ಮಾತು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಬರಿಗೈಲಿ ಕಳಿಸುವುದಿಲ್ಲ. ಅರಿಷಿಣ ಕುಂಕುಮ ಹಚ್ಚಿ, ಕುಪ್ಪಸಕ್ಕೆ ಆಗುವಷ್ಟು ಬಟ್ಟೆಯ ತುಂಡು ಕೊಡುತ್ತಾರೆ. ಅದಕ್ಕೆ ಕಣ ಎನ್ನುತ್ತೇವೆ. ಹುಡುಗಿ ಇದನ್ನೇ ಹಿಡಿದಳು.

"ಆಯಿ, ರೊಟ್ಟಿ ಕೊಡೋರು ಈ ಊರಾಗ ಸಾಕಷ್ಟು ಮಂದಿ ಅದಾರ. ಆರ್ಡರ್ ಕೊಟ್ಟ ಮನ್ಯಾನ ಅವ್ವಗ ನಾವು ಒಂದ ಕಣ, ಅರಿಷಿಣ ಕುಂಕುಮ ಕೊಟ್ರ? ಮ್ಯಾಲಿನ ಡಬ್ಬ್ಯಾಗ ಇಟ್ಟು? ತವರ ಮನಿಯಿಂದ ಬಂದಂಗ ಅನಸತೈತಿ."

"ಗಿರಾಕಿಗೆ ತವರ ಮನಿ ಆಗಾಕ ಹೊಂಟೀ?"

"ಯಾಕಾಗಬಾರದು?"

ಹೆಂಗಸರಿಗೆ ಈ ಮಾತು ಬಹಳ ಸೇರಿತು. ನನಗೂ ಸೇರಿತು, ಹೇಳಲಿಲ್ಲ. ಇಳಕಲ್ ಕಡೆಯ ಅಂಚಿನ ಚಂದದ ಕಣಗಳನ್ನು ತಂದಳು. ನೀನೇ ಕಟ್ಟು ಎಂದು ನನ್ನ ಮುಂದೆ ಇಟ್ಟಳು. "ನನ್ನ ಕೈಲೆ ಬ್ಯಾಡ. ನೀನ ಕಟ್ಟು" ಎಂದೆ. ಗಂಡ ಸತ್ತವಳು ಮಂಗಳದ ಸಾಮಾನು ಕಟ್ಟಬಾರದು ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಈಗಿನ ಕಾಲದಲ್ಲಿ ಅದನ್ನೆಲ್ಲ ಬಿಟ್ಟವರಿದ್ದಾರೆ, ಬಿಟ್ಟದ್ದು ಒಳ್ಳೆಯದೇ. ನನಗೆ ಬಿಡಲು ಆಗಿಲ್ಲ. ಹುಡುಗಿ ಯಾಕೆ ಎಂದು ಕೇಳಲಿಲ್ಲ, ಕೈ ನೋವು ಎಂದುಕೊಂಡಳು. ನಾನೂ ಹೇಳಲಿಲ್ಲ.

ಇನ್ನೂ ಒಂದು ಹೇಳಿರಲಿಲ್ಲ. ಯಾರಾದರೂ ರೊಟ್ಟಿಗೆ ಹೇಳಲು ಬಂದರೆ ನಾನು ಮೊದಲು ಕೇಳುತ್ತಿದ್ದ ಮಾತೇ, "ಮದಿವಿ ಮನಿಯೋ, ತೊಟ್ಟಲ ಮನಿಯೋ, ದಿನಕರ್ಮದ ಮನಿಯೋ" ಎಂದು. ಸಾವಿನ ಮನೆಯವರು ತಾವಾಗಿ ಬಾಯಿ ಬಿಟ್ಟು ಹೇಳುವುದಿಲ್ಲ. ಇಷ್ಟು ರೊಟ್ಟಿ ಬೇಕು, ಮಂದಿ ಬರುವವರಿದ್ದಾರೆ ಎನ್ನುತ್ತಾರೆ, ಅಷ್ಟೇ. ಕೇಳಿ ತಿಳಿದುಕೊಳ್ಳುವುದು ನಮ್ಮ ಕೆಲಸ. ಆ ಮನೆಗೆ ಒಯ್ಯುವ ರೀತಿಯೇ ಬೇರೆ. ಹುಡುಗಿಗೆ ಹಿಟ್ಟು ನಾದುವುದು ಕಲಿಸಿದೆ, ಈ ಪ್ರಶ್ನೆ ಕಲಿಸಲಿಲ್ಲ. ಅದು ಬೇಕೆಂದು ಮುಚ್ಚಿಟ್ಟದ್ದಲ್ಲ, ಮರೆತದ್ದು. ಮುಂದಿನದು ಮರೆತದ್ದಲ್ಲ.

ಸೂಟಿ ಮುಗಿಯುತ್ತ ಬಂದಿತ್ತು. ಒಂದು ಸಂಜೆ ರೊಟ್ಟಿ ಒರೆಸಿ ಜೋಡಿಸುತ್ತ ಅವಳು ಹೇಳಿದಳು, "ಆಯಿ, ನಾಡಿದ್ದ ಬಿಸಿನೆಸ್ ಅಂತ ಬರದ ಕೊಡ್ತೇನಿ. ನನಗ ಇದು ಮನಸಿಗೆ ಬಂತು. ಅಪ್ಪಗ ಇನ್ನೂ ಹೇಳಿಲ್ಲ, ಮೊದಲ ನಿನಗ ಹೇಳಾಕತ್ತೇನಿ."

ನಾನು, "ಇನ್ನೂ ಎರಡ ದಿನ ಅದಾವಲ್ಲ, ವಿಚಾರ ಮಾಡು" ಎಂದೆ.

"ವಿಚಾರ ಮಾಡಿ ಆತು." ಮುಖ ಅಷ್ಟು ಬೆಳಗಿದ್ದನ್ನು ನಾನು ಅವಳ ಪರೀಕ್ಷೆಯ ರಿಸಲ್ಟ್ ಬಂದಾಗಲೂ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಕಳಿಸಬೇಕಾದ ಆರ್ಡರುಗಳಲ್ಲಿ ಒಂದು ನಮ್ಮ ಹಿಂದಿನ ಓಣಿಯದು. ಯಾರೋ ಗಂಡಸು ಫೋನ್ ಮಾಡಿ ಹೇಳಿದ್ದನಂತೆ: ಮನೆಗೆ ಮಂದಿ ಬರುವವರಿದ್ದಾರೆ, ಬಿಳಿಜೋಳದ ರೊಟ್ಟಿ ಬೇಕು. ಹುಡುಗಿ ಮನೆಯ ಗುರುತು ಹೇಳಿದಳು, ನೀಲಿ ಗೇಟು, ಮುಂದೆ ಕರಿಬೇವಿನ ಗಿಡ. ನನಗೆ ತಕ್ಷಣ ತಿಳಿಯಿತು. ಆ ಮನೆಯ ಯಜಮಾನ ತೀರಿಕೊಂಡು ಇನ್ನೂ ದಿನ ತುಂಬಿರಲಿಲ್ಲ. ಮಣ್ಣು ಮಾಡಿದ ಮೇಲೆ ನಾನೇ ಹೋಗಿ ಮಾತಾಡಿಸಿ ಬಂದಿದ್ದೆ.

ಆ ಮನೆಯಾಕೆಯ ಬಗ್ಗೆ ಹೇಳಬೇಕು. ಪ್ರತಿ ಶ್ರಾವಣದಲ್ಲಿ ನನ್ನ ಕೈಲಿ ರೊಟ್ಟಿ ಮಾಡಿಸುತ್ತಿದ್ದಳು. ನಾನು ಡಬ್ಬಿ ಒಯ್ದರೆ, "ಅಕ್ಕಾರ, ಒಳಗ ಬರ್ರಿ, ಬಿಸಲಾಗ ಬಂದೀರಿ" ಎಂದು ಪಡಸಾಲೆಯ ಖುರ್ಚಿಯಲ್ಲಿ ಕೂಡಿಸಿ ಚಹಾ ಕೊಡುತ್ತಿದ್ದಳು. ಖುರ್ಚಿ ಕೊಟ್ಟ ಗಿರಾಕಿ ನನಗೆ ಅವಳೊಬ್ಬಳೇ. ಮಾತಾಡಿಸಲು ಹೋದ ದಿನ ಅವಳು ಗೋಡೆಗೆ ಆನಿಕೊಂಡು ನೆಲದ ಮೇಲೆ ಕೂತಿದ್ದಳು. ಹಣೆ ಬೋಳು. ಆಗಾಗ ಕೈ ಹಣೆಗೆ ಹೋಗುತ್ತಿತ್ತು, ಏನೋ ಅಂಟಿಕೊಂಡಿದೆಯೇ ಎಂದು ನೋಡುವವರ ಹಾಗೆ. ನಾನೂ ಹಾಗೆ ಮಾಡುತ್ತಿದ್ದೆ, ನನ್ನ ಗಂಡ ಹೋದಾಗ. ಅವಳ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಿದ್ದೆ.

ಆ ಬೆಳಿಗ್ಗೆ ಹುಡುಗಿ ಡಬ್ಬಿಗಳನ್ನು ಸ್ಕೂಟಿಗೆ ಕಟ್ಟಿದಳು. ಎಲ್ಲಕ್ಕಿಂತ ಮೇಲಿನ ಡಬ್ಬಿಯಲ್ಲಿ ಹಸಿರು ಕಣ, ಅದರ ಮೇಲೆ ಅರಿಷಿಣ ಕುಂಕುಮದ ಪೊಟ್ಟಣ ಇಟ್ಟಳು. ಕಣದ ಅಂಚು ಹೊರಗೆ ಕಾಣುವ ಹಾಗೆ ಮಡಿಚಿದಳು. ಗದಗಿನಾಕೆ ನನ್ನ ಕಡೆ ನೋಡಿದಳು. ನಾನು ಹಂಚಿನ ಕಡೆ ನೋಡಿದೆ.

ಒಂದು ಮಾತು ಸಾಕಾಗಿತ್ತು. ತಗಿ ಅದನ್ನ, ಅದು ದುಃಖದ ಮನಿ. ಅಷ್ಟೇ. ನಾನು ಹೇಳಲಿಲ್ಲ. ಒಂದು ಸಲ ಬೈಸಿಕೊಳ್ಳಲಿ ಎಂದುಕೊಂಡೆ. ವ್ಯಾಪಾರ ಅಂದರೆ ಬರೀ ಬುದ್ಧಿಯ ಮಾತಲ್ಲ, ಮಂದಿಯ ಬಾಯಿಗೆ ಬೀಳುವುದು ಅಂತ ತಿಳಿಯಲಿ. ಬಾಗಿಲಲ್ಲಿ ಯಾರೋ ಗಂಡಸರು ಡಬ್ಬಿ ಇಳಿಸಿಕೊಳ್ಳುತ್ತಾರೆ, ಪೊಟ್ಟಣ ನೋಡಿ ಇದೇನು ಎಂದು ಗದರಿಸಿ ವಾಪಸು ಕೊಡುತ್ತಾರೆ, ಇವಳು ಮುಖ ಸಣ್ಣ ಮಾಡಿಕೊಂಡು ಬರುತ್ತಾಳೆ, ಕನ್ನಡ ತೆಗೆದುಕೊಳ್ಳುತ್ತಾಳೆ. ಒಳಗಿರುವವಳಿಗೆ ಗೊತ್ತೇ ಆಗುವುದಿಲ್ಲ. ಹೀಗೆಲ್ಲ ನಾನು ಒಲೆಯ ಮುಂದೆ ಕೂತು ಲೆಕ್ಕ ಹಾಕಿದೆ.

ಹುಡುಗಿ ಗಾಡಿ ಚಾಲೂ ಮಾಡಿದವಳು ಮತ್ತೆ ಬಂದ್ ಮಾಡಿ ಒಳಗೆ ಬಂದಳು. ಹೆಲ್ಮೆಟ್ ಮರೆತಿದ್ದಳು. ಗೂಟದಿಂದ ತೆಗೆದುಕೊಳ್ಳುತ್ತ, "ಆಯಿ, ಏನರ ಉಳೀತೇನು?" ಎಂದು ಕೇಳಿದಳು. ಕೇಳಿದಳು. ಅದನ್ನು ನಾನು ಹೇಳಲೇಬೇಕು, ಓಣಿಯವರು ಅವಳು ಕೇಳಲಿಲ್ಲ ಎನ್ನುತ್ತಾರಲ್ಲ.

"ಏನೂ ಇಲ್ಲ. ಹುಷಾರ ಹೋಗು" ಎಂದೆ.

ಅವಳು ಬೇಗ ಮರಳಿ ಬಂದಳು. ಮುಖದಲ್ಲಿ ಏನೋ ಗೊಂದಲ ಇತ್ತು. "ಆ ಮನ್ಯಾಗ ಯಾರೂ ಮಾತಾಡಲಿಲ್ಲಾಯಿ. ಒಳಗಿನ ಅವ್ವಾರನ್ನ ಕರೀರಿ ಅಂದೆ, ಕರದ್ರು. ಕಣ ಅವರ ಕೈಯಾಗ ಕೊಟ್ಟೆ. ರೊಟ್ಟಿ ಮಾಡೂ ನಮ್ಮ ಆಯಿ ಕಡಿಂದ್ರಿ ಅಂದೆ. ಅವರು ಅದನ್ನ ನೋಡಿದ್ರು, ಒಳಗ ಹೋಗಿಬಿಟ್ರು. ಬಾಗಲದಾಗಿನವರು ಹೋಗು ಹೋಗು ಅಂದ್ರು. ಏನರ ತಪ್ಪಾತೇನ?"

ಗಂಡಸರು ಬಾಗಿಲಲ್ಲಿ ತಡೆಯುತ್ತಾರೆ ಎಂದು ಲೆಕ್ಕ ಹಾಕಿದ್ದೆ. ನನ್ನ ಮೊಮ್ಮಗಳು ಮನೆಯಾಕೆಯನ್ನು ಕರೆಸಿ ಕೈಗೆ ಕೊಡುವಷ್ಟು ಒಳ್ಳೆಯವಳು ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನನ್ನ ಹೆಸರು ಹೇಳುತ್ತಾಳೆ ಎಂದೂ ಹೊಳೆದಿರಲಿಲ್ಲ. ಗೋಡೆಗೆ ಆನಿಕೊಂಡು ಕೂತವಳ ಕೈ ಹಿಡಿದು ಬಂದವಳು ನಾನು, ಅದೇ ಕೈಗೆ ಕುಂಕುಮ ಕಳಿಸಿದವಳೂ ನಾನು. ಅವಳಿಗೆ ಕಂಡದ್ದು ಹಾಗೆ.

ಆಗಲಾದರೂ ಹೇಳಬೇಕಿತ್ತು. "ಏನೂ ಇಲ್ಲ, ನೀರ ಕುಡಿ" ಎಂದೆ.

ಮಧ್ಯಾಹ್ನ ಆ ಮನೆಯಾಕೆಯ ನಾದಿನಿ ಬಂದಳು, ತೀರಿಕೊಂಡವರ ತಂಗಿ. ಬೇರೆ ಊರಿನಿಂದ ಬಂದವಳು, ನನ್ನ ಗುರುತಿಲ್ಲ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತು ಕಣ ಮತ್ತು ಪೊಟ್ಟಣವನ್ನು ಹೊಸ್ತಿಲ ಮೇಲೆ ಇಟ್ಟಳು.

"ರೊಟ್ಟಿ ಯಾರ ಕಳಿಸಿದ್ರಿ ಇಲ್ಲಿಂದ?"

ಹುಡುಗಿ ಎದ್ದು, "ನಾನ್ರಿ" ಎಂದಳು.

"ನೀನೇನು? ಸಾವಿನ ಮನಿಗೆ ಕುಂಕುಮ ಕೊಡ್ತಾರೇನ ನಿಮ್ಮ ಮನ್ಯಾಗ? ನಮ್ಮ ವೈನಿ ಆವಾಗಿಂದ ತುತ್ತು ಬಾಯಾಗ ಇಟ್ಟಿಲ್ಲ. ಎದಿ ಒಡದು ಕುಂತಾಕಿ ಮುಂದ ಹಸರ ಕಣ ಹಿಡದು ನಿಂತಿ, ಕಣ್ಣ ಇರಲಿಲ್ಲೇನು? ಹಣಿ ನೋಡಲಿಲ್ಲೇನು?"

ಹುಡುಗಿ ಬಗ್ಗಿ ಅವಳ ಕಾಲು ಮುಟ್ಟಿದಳು. "ತಪ್ಪಾತ್ರಿ. ನನಗ ಗೊತ್ತಿರಲಿಲ್ರಿ. ನಾ ಕೇಳಬೇಕಾಗಿತ್ತು."

ಆ ಹೆಂಗಸು ನನ್ನ ಕಡೆ ತಿರುಗಿದಳು. "ನೀವು ಹಿರ್ಯಾರು. ನೀವರ ನೋಡಬಾರದೇನು?"

ನಾನು ಆಗ ಮಾಡಿದ್ದು ಬೆಳಿಗ್ಗೆ ಮಾಡಿದ್ದಕ್ಕಿಂತ ಕೆಟ್ಟದ್ದು. ಎದ್ದು ನಿಂತು ಮೊಮ್ಮಗಳಿಗೆ ಬೈದೆ. "ಎಷ್ಟ ಸಲ ಹೇಳೇನಿ, ಕೇಳಿ ಮಾಡು ಅಂತ! ಕಾಲೇಜ ಕಲ್ತ್ರ ಬುದ್ಧಿ ಬರೂದಿಲ್ಲ. ಬಿಸಿನೆಸ್ ಮಾಡ್ತಾಳಂತ ಬಿಸಿನೆಸ್!" ನಾನು ಒಂದು ಸಲವೂ ಹೇಳಿರಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಮೂವರಿಗೂ ಅದು ಗೊತ್ತಿತ್ತು. ಬಡಿಯುವ ಸದ್ದು ನಿಂತಿತ್ತು. ಗದಗಿನಾಕೆ ಮುಖ ಆ ಕಡೆ ಮಾಡಿ ಕಟ್ಟಿಗೆ ಮುಂದೆ ಒತ್ತುತ್ತಿದ್ದಳು, ಒತ್ತುವ ಅಗತ್ಯ ಇರಲಿಲ್ಲ.

ನಾದಿನಿ ಹೋದಳು. ಹುಡುಗಿ ಹೊಸ್ತಿಲ ಮೇಲಿದ್ದುದನ್ನು ಎತ್ತಿಟ್ಟಳು. ಉಳಿದ ಆರ್ಡರುಗಳನ್ನು ಮುಗಿಸಿ ಕೊಟ್ಟು ಬಂದಳು, ಒಂದೂ ತಪ್ಪಿಸಲಿಲ್ಲ. ಸಂಜೆ ಊಟಕ್ಕೆ ಕೂತಾಗ ಹೇಳಿದಳು:

"ಆಯಿ, ಕನ್ನಡಾನ ತಗೋತೇನಿ. ನೀ ಹೇಳಿದ್ದು ಖರೇ ಐತಿ. ನನಗ ರೊಟ್ಟಿ ಕಾಣತಾವು, ಮಂದಿ ಕಾಣೂದಿಲ್ಲ. ಅಂಥಾಕಿ ವ್ಯಾಪಾರ ಮಾಡಬಾರದು."

ನನಗೆ ಬೇಕಾದದ್ದು ಸಿಕ್ಕಿತ್ತು. "ಛಲೋ ಆತು" ಎಂದೆ. ಅವಳ ತಾಟಿಗೆ ಇನ್ನೊಂದು ಸೌಟು ಪಲ್ಯ ಹಾಕಿದೆ. ಅವಳು ಬೇಡ ಎನ್ನಲಿಲ್ಲ, ಸುಮ್ಮನೆ ತಿಂದಳು. ತನ್ನ ಮೇಲೆ ನಂಬಿಕೆ ಹೋದವರು ಹಾಗೆ ತಿನ್ನುತ್ತಾರೆ, ಹಾಕಿದ್ದನ್ನೆಲ್ಲ. ಮಂದಿ ಕಾಣುವುದಿಲ್ಲ ಎಂದಳಲ್ಲ, ಅವಳಿಗೆ ಕಂಡಷ್ಟು ಮಂದಿ ನನಗೆ ಕಂಡಿರಲಿಲ್ಲ. ಬಿಸಿಲಿನಲ್ಲಿ ಬೇಯುವ ಹೆಂಗಸರು ಅವಳಿಗೆ ಕಂಡಿದ್ದರು. ಇನ್ನೊಬ್ಬರ ಸಾವಿನ ಮನೆಯನ್ನು ನನ್ನ ಮನೆಯ ಪಾಠಕ್ಕೆ ಬಳಸಿಕೊಂಡವಳು ನಾನು. ಆ ತಾಟನ್ನು ನೋಡುತ್ತ ನನಗೆ ಮೈಮೇಲಿನ ಸೀರೆಯೂ ಭಾರ ಅನ್ನಿಸಿತು.

ಮರುದಿನ ಬೆಳಿಗ್ಗೆ ಹೆಂಗಸರು ಬಂದಾಗ ನಾನು ಒಲೆ ಹಚ್ಚಿರಲಿಲ್ಲ. ಹುಡುಗಿ ಕಾಲೇಜಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು. ಅವತ್ತೇ ಕಡೆಯ ದಿನ.

"ಎಲ್ಲಾರೂ ಕೂಡ್ರಿ. ಒಂದ ಮಾತ ಹೇಳೂದೈತಿ" ಎಂದೆ. ಬೈದದ್ದು ಅವರ ಮುಂದೆ, ಇದೂ ಅವರ ಮುಂದೆಯೇ ಆಗಬೇಕಿತ್ತು. "ನಿನ್ನೆ ಅದು ದುಃಖದ ಮನಿ ಅಂತ ನನಗ ಗೊತ್ತಿತ್ತು. ಕಣ ಇಟ್ಟಿದ್ದನ್ನೂ ನೋಡಿದ್ದೆ. ಈಕಿ ಬೈಸಿಕೊಂಡು ಬರ್ಲಿ, ವ್ಯಾಪಾರದ ಹುಚ್ಚು ಬಿಡ್ಲಿ ಅಂತ ಸುಮ್ಮ ಕುಂತೆ. ಮ್ಯಾಲೆ ನಾನ ಬೈದೆ. ಈಕಿದು ಏನೂ ತಪ್ಪಿಲ್ಲ."

ಗದಗಿನಾಕೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ನಾನೂ ನೋಡಿದ್ನೆವ್ವಾ. ನೀ ಸುಮ್ಮ ಇದ್ದಿ, ನಿನಗ ಗೊತ್ತಿರಬೇಕು, ಏನರ ವಿಚಾರ ಇರಬೇಕು ಅಂದ್ಕೊಂಡೆ" ಎಂದಳು. "ಇಂಥಾ ವಿಚಾರ ಇರತೈತಿ ಅಂತ ನನ್ನ ಕನಸಿನ್ಯಾಗೂ ಬರಲಿಲ್ಲ ನೋಡು."

ಹುಡುಗಿಯ ಕೈಯಲ್ಲಿದ್ದ ಹಣಿಗೆ ಕೂದಲಲ್ಲೇ ನಿಂತಿತ್ತು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳಲಿಲ್ಲ.

"ನಾ ವಾಪಸ್ ಬಂದು, ಏನರ ತಪ್ಪಾತೇನು ಅಂತ ಕೇಳಿದಾಗರ ಹೇಳಬೇಕಾಗಿರಲಿಲ್ಲೇನು?"

"ಹೇಳಬೇಕಾಗಿತ್ತು."

"ರಾತ್ರಿ ಪೂರ್ತಿ ನಾ ಎಂಥಾ ಹುಡುಗಿ ಅಂತ ವಿಚಾರ ಮಾಡೇನಿ. ನೀ ಪಕ್ಕದಾಗ ಮಲಗಿದ್ದಿ."

"ಹೂಂ."

"ಮತ್ತ ಅವರಿಗೆ ಹೇಳೀಯೇನು? ಆ ಅವ್ವಾರಿಗೆ?"

"ಇನ್ನೂ ಇಲ್ಲ."

"ಹಂಗಾದ್ರ ಇಲ್ಲೇನ ಮಾಡಾಕತ್ತಿ?" ಎಂದಳು. ಚೀಲ ಹೆಗಲಿಗೆ ಹಾಕಿಕೊಂಡಳು. ಬಾಗಿಲ ಹತ್ತಿರ ನಿಂತು ತಿರುಗಿ ನೋಡದೆ, "ನಾ ಇವತ್ತ ಏನ ಬರದ ಕೊಡ್ತೇನಿ ಅಂತ ನೀ ಕೇಳಬ್ಯಾಡ" ಎಂದು ಹೊರಟು ಹೋದಳು.

ನಾನು ಹಿಂದಿನ ಓಣಿಗೆ ನಡೆದೆ. ಗೇಟು ತೆರೆದೇ ಇತ್ತು. ನಾದಿನಿ ಅಂಗಳದಲ್ಲಿ ದೊಡ್ಡ ಪಾತ್ರೆಗಳನ್ನು ತಿಕ್ಕುತ್ತಿದ್ದಳು, ನನ್ನನ್ನು ನೋಡಿ ಎದ್ದು ನಿಂತಳು. ಒಳಗಿನಿಂದ ಮನೆಯಾಕೆ ಬಾಗಿಲಿಗೆ ಬಂದಳು. ಒಳಗೆ ಬನ್ನಿ ಎನ್ನಲಿಲ್ಲ. ನಾನು ಮೆಟ್ಟಿಲ ಕೆಳಗೆ ನಿಂತೇ ಎಲ್ಲ ಹೇಳಿದೆ. ಹೊಟ್ಟೆಕಿಚ್ಚಿನ ಮಾತನ್ನೂ ಹೇಳಿದೆ, ಅದನ್ನು ನಮ್ಮ ಹೆಂಗಸರ ಮುಂದೆ ಹೇಳಲು ನಾಲಿಗೆ ಎದ್ದಿರಲಿಲ್ಲ. ನನ್ನ ದನಿ ನನಗೇ ಅಸಹ್ಯವಾಗಿ ಕೇಳುತ್ತಿತ್ತು.

ಮನೆಯಾಕೆ ಪೂರ್ತಿ ಕೇಳಿಸಿಕೊಂಡು ಹೇಳಿದಳು:

"ಹುಡುಗಿ ಮ್ಯಾಲೆ ನನಗ ಸಿಟ್ಟು ಬರಲಿಲ್ರಿ. ಸಣ್ಣ ಕೂಸು, ನಕ್ಕೋತ ಕೊಟ್ಟಳು. ನಿಮ್ಮ ಹೆಸರ ಹೇಳಿದ್ಲಲ್ಲ, ಅದು ತಡ್ಕೊಳ್ಳಾಕ ಆಗಲಿಲ್ಲ. ನೀವು ಅನುಭವಿಸಿದಾಕಿ."

"ಹೌದ್ರಿ."

"ಇನ್ನ ಮುಂದ ನಮ್ಮ ಮನಿಗೆ ರೊಟ್ಟಿ ಬೇಕಾದಾಗ ನಾ ಆ ಹುಡುಗಿಗೆ ಫೋನ್ ಮಾಡ್ತೇನಿ. ಆಕೀನ ತರಲಿ. ನೀವು ಬರಬ್ಯಾಡ್ರಿ."

ಕೋಪದಿಂದ ಹೇಳಲಿಲ್ಲ. ಕೆಲಸದವರಿಗೆ ಕೆಲಸ ಹೇಳುವ ದನಿಯಲ್ಲಿ ಹೇಳಿದಳು. ಹೂಂ ಎಂದೆ.

ಗೇಟಿನ ಹೊರಗೆ ಬಂದು ಕರಿಬೇವಿನ ಗಿಡದ ಹತ್ತಿರ ನಿಂತು ಮೊಮ್ಮಗಳಿಗೆ ಫೋನ್ ಹಚ್ಚಿದೆ. ಇದನ್ನು ಹೇಳದೆ ಬಿಟ್ಟರೆ ಅವಳು ಕನ್ನಡ ಎಂದೇ ಬರೆದು ಕೊಡಬಹುದು ಎಂದು ನನಗೆ ಹೊಳೆಯಿತು. ಹೊಳೆದದ್ದಕ್ಕೂ ನಾಚಿಕೆಯಾಯಿತು. ಅವಳು ಫೋನ್ ಎತ್ತಿದಳು, ಹಿಂದೆ ಹುಡುಗಿಯರ ಗದ್ದಲ ಕೇಳುತ್ತಿತ್ತು. ಆ ಮನೆಯಾಕೆ ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಆಕೀನ ತರಲಿ ಅಂದದ್ದನ್ನು ಹೇಳಿದೆ, ನೀವು ಬರಬ್ಯಾಡ್ರಿ ಅಂದದ್ದನ್ನೂ ಹೇಳಿದೆ.

"ಹಂಗ ಅಂದ್ರಾ?" ಎಂದಳು.

"ಹಂಗ ಅಂದ್ರು."

"ಆತು" ಎಂದು ಫೋನ್ ಇಟ್ಟಳು. ನಾನು ಮನೆಗೆ ಬಂದು ಒಲೆ ಹಚ್ಚಿದೆ.